ಬಾಂಬಿಗೆ ಸಿಕ್ಕ ಕವೆಂಟ್ರಿಯನ್ನು ಬ್ರಿಟಿಷ್ ಪಾಥೆ ಸಂಗ್ರಹದಲ್ಲಿ ನೋಡುವ ಬಗೆ

ಎರಡನೇ ಮಹಾಯುದ್ಧದ ಸುದ್ದಿಚಿತ್ರಗಳನ್ನು ನೋಡಬೇಕೆನ್ನುವವರು ಚಿತ್ರಮಂದಿರಗಳಿಗೆ ಸುದ್ದಿಚಿತ್ರ ಮಾಡಿಕೊಡುತ್ತಿದ್ದ ಬ್ರಿಟಿಷ್ ಪಾಥೆ ಸಂಸ್ಥೆಯ ಸಂಗ್ರಹದಿಂದಲೇ ಶುರುಮಾಡುವುದು ಒಳ್ಳೆಯದು. 2014ರ ಏಪ್ರಿಲ್‌ನಲ್ಲಿ ಈ ಸಂಸ್ಥೆ ಸುಮಾರು 85,000 ಚಿತ್ರಗಳನ್ನು ಯೂಟ್ಯೂಬಿಗೆ ಏರಿಸಿತು. ನೋಡಲು ದುಡ್ಡು ಕೊಡಬೇಕಿಲ್ಲ. ಆದರೆ ಒಂದು ನಗರದ ನಾಶ, ಅದರ ನಂತರದ ದಿನಗಳು ಇಲ್ಲಿ ಸಾಲಾಗಿ ಜೋಡಿಸಿ ಸಿಗುವುದಿಲ್ಲ. ಹುಡುಕುವ ದಾರಿ ಗೊತ್ತಿರಬೇಕು.

ಇಂಗ್ಲೆಂಡಿನ ಕವೆಂಟ್ರಿ ನಗರದ ಮೇಲೆ ಜರ್ಮನ್ ವಿಮಾನಗಳ ದಾಳಿಯಾದದ್ದು 1940ರ ನವೆಂಬರ್ 14ರ ರಾತ್ರಿ. 550ಕ್ಕೂ ಹೆಚ್ಚು ಜನ ಸತ್ತರು, ಸೇಂಟ್ ಮೈಕೇಲ್ ಕೆಥೆಡ್ರಲ್ ಸುಟ್ಟುಹೋಯಿತು. ಈ ಊರಿನ ಹೆಸರನ್ನು ಸರ್ಕಾರ ತಕ್ಷಣ ಹೊರಬಿಟ್ಟದ್ದರಿಂದ ಹೆಸರು ಹಾಕಿ ಹುಡುಕಿದರೆ ಸಾಕು. ಬೇರೆ ಊರುಗಳ ವಿಷಯದಲ್ಲಿ ಹಾಗಲ್ಲ, ಯುದ್ಧಕಾಲದ ಸೆನ್ಸಾರ್ ಎಷ್ಟೋ ಹೆಸರುಗಳನ್ನು ಮುಚ್ಚಿಡುತ್ತಿತ್ತು. ಹಲ್ ನಗರ ಎಷ್ಟೋ ಸುದ್ದಿಗಳಲ್ಲಿ ಬರೀ ‘ಈಶಾನ್ಯ ಕರಾವಳಿಯ ಪಟ್ಟಣ’. ಅಂಥ ಕಡೆ ಊರಿನ ಹೆಸರು ಬಿಟ್ಟು ದಿಕ್ಕು, ಇಸವಿ, ‘ಬಾಂಬ್ ಡ್ಯಾಮೇಜ್’, ‘ಏರ್ ರೇಡ್’ ಎಂಬ ಪದಗಳನ್ನು ಕೂಡಿಸಿ ಹುಡುಕಿ.

ಶೀರ್ಷಿಕೆಯಲ್ಲಿ ‘ಅನ್‌ಇಶ್ಯೂಡ್’ ಎಂದಿರುವ ತುಣುಕುಗಳನ್ನು ದಾಟಿ ಹೋಗಬೇಡಿ. ಇವು ಚಿತ್ರಮಂದಿರಕ್ಕೆ ಹೋಗದೆ ಉಳಿದವು. ಬಹುತೇಕ ಮೂಕ, ಸಂಕಲನವೂ ಒರಟು. ಆದರೂ ಸಂಗ್ರಹದ ನಿಜವಾದ ಬೆಲೆ ಇರುವುದು ಇಲ್ಲೇ. ಬಿಡುಗಡೆಯಾದ ಚಿತ್ರ ಸೆನ್ಸಾರ್ ದಾಟಿ ಬಂದದ್ದು. ಅದರಲ್ಲಿ ನವೆಂಬರ್ 16ರಂದು ದೊರೆ ಆರನೇ ಜಾರ್ಜ್ ಬಂದದ್ದು, ಜನ ಧೈರ್ಯಗೆಡದೆ ನಿಂತದ್ದು ಮುಂದೆ ಬರುತ್ತವೆ, ಶವಗಳು ಕಾಣುವುದಿಲ್ಲ. ಧ್ವನಿಯನ್ನಂತೂ ನಂಬಲೇಬೇಡಿ. ದಾಳಿಯ ಸ್ಥಳದಲ್ಲಿ ಸಾಮಾನ್ಯವಾಗಿ ಮೂಕವಾಗಿಯೇ ಚಿತ್ರೀಕರಿಸುತ್ತಿದ್ದರು. ಸೈರನ್, ಸ್ಫೋಟ, ಸಂಗೀತ, ನಿರೂಪಣೆ ಎಲ್ಲ ಆಮೇಲೆ ಸ್ಟುಡಿಯೋದಲ್ಲಿ ಸೇರಿದವು. ಮೊದಲು ಧ್ವನಿ ತೆಗೆದು ನೋಡಿ, ಆಮೇಲೆ ಕೇಳಿ. ಕಣ್ಣು ಕಂಡದ್ದಕ್ಕೂ ನಿರೂಪಕ ಹೇಳುವುದಕ್ಕೂ ಇರುವ ಅಂತರ ಆಗಲೇ ತಿಳಿಯುವುದು.

ಶಾಟ್‌ಗಳು ಚಿಕ್ಕವಿರುವುದಕ್ಕೂ ಕಾರಣವಿದೆ. ಸ್ಪ್ರಿಂಗಿನಿಂದ ಓಡುವ ಕೈ ಕ್ಯಾಮೆರಾಗಳಿಗೆ ಆಗಾಗ ಕೀಲಿ ಕೊಡಬೇಕಿತ್ತು. 100 ಅಡಿಯ ರೀಲು ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಒಂದು ನಿಮಿಷ ದಾಟುತ್ತಿದ್ದಂತೆ ಮುಗಿಯುತ್ತಿತ್ತು. ಅಂದಿನ ಫಿಲ್ಮಿಗೆ ಕತ್ತಲೆಯಲ್ಲಿ ಹಿಡಿಯುವ ಶಕ್ತಿ ಕಡಿಮೆ. ಹಾಗಾಗಿ ದಾಳಿಯ ರಾತ್ರಿಗಿಂತ ಮರುದಿನದ ಹಗಲಿನ ದೃಶ್ಯಗಳೇ ಹೆಚ್ಚು. ಉರಿಯುವ ಬೀದಿಯ ಶಾಟ್ ಬಂದರೆ ಅದು ಬೇರೆ ಊರಿನದೋ, ಹಳೆಯ ದಾಸ್ತಾನಿನದೋ ಎಂದು ಪರೀಕ್ಷಿಸಿ. ಕವೆಂಟ್ರಿಯ ಗುರುತು ಸುಲಭ: ಚಾವಣಿಯಿಲ್ಲದ ಕೆಥೆಡ್ರಲ್, ಅದರ ಹೊರಗೋಡೆ, ಬೀಳದೆ ನಿಂತ ಗೋಪುರ, ಪಕ್ಕದಲ್ಲೇ ಉಳಿದುಕೊಂಡ ಹೋಲಿ ಟ್ರಿನಿಟಿ ಚರ್ಚು.

ಪಾಥೆಯ ಸುದ್ದಿಚಿತ್ರಗಳು 1970ರವರೆಗೂ ಬಂದವು. 1962ರ ಮೇ 25ರಂದು ಹೊಸ ಕೆಥೆಡ್ರಲ್ ಪ್ರತಿಷ್ಠಾಪನೆಯಾದ ಕಾಲದವರೆಗೂ ಹುಡುಕಾಟ ಮುಂದುವರಿಸಿ. 1940ರಲ್ಲೇ ನಿಲ್ಲಿಸಿದರೆ ಅರ್ಧ ನಗರವನ್ನಷ್ಟೇ ನೋಡಿದಂತೆ.

ಪಾಠ ಮಾಡುವವರಿಗೆ, ಅಭ್ಯಾಸ ಮಾಡುವವರಿಗೆ ಪುಕ್ಕಟೆ ನೋಡಸಿಗುವ ಪ್ರಿವ್ಯೂ ಸಾಕು. ಸಾಕ್ಷ್ಯಚಿತ್ರಕ್ಕೆ ಬಳಸುವುದಾದರೆ ಪರವಾನಗಿ ಖರೀದಿಸಬೇಕು. ಯೂಟ್ಯೂಬಿನಲ್ಲಿ ಪುಕ್ಕಟೆ ಕಾಣುತ್ತದೆ ಎಂದ ಮಾತ್ರಕ್ಕೆ ಹಕ್ಕು ನಿಮ್ಮದಾಗುವುದಿಲ್ಲ.