ಮೂರು ಚಳಿಗಾಲ ಸಿರಿಲ್ ಬಳಸಿದ ಮೇಲೆ: ಪುಣೆಯ ತಾರಸಿಯಿಂದ ರೋಸೆಟ್ ನೆಬ್ಯುಲಾ

ಮೂರು ಚಳಿಗಾಲದಿಂದ ಆಕಾಶದ ಫೋಟೋಗಳನ್ನು ಸಿರಿಲ್‌ನಲ್ಲೇ ಸಂಸ್ಕರಿಸುತ್ತಿದ್ದೇನೆ. ಈ ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕಿಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ.

ನನ್ನ ಮನೆ ಪುಣೆಯ ಹಡಪ್ಸರ್‌ನಲ್ಲಿ. ರಾತ್ರಿ ತಾರಸಿಗೆ ಹೋದರೆ ಊರಿನ ದೀಪಗಳ ಬೆಳಕಿಗೆ ಆಕಾಶ ಬೂದು ಬಣ್ಣ. ಮಳೆಗಾಲ ಪೂರ್ತಿ ಮೋಡ. ನವೆಂಬರ್‌ನಿಂದ ಫೆಬ್ರವರಿವರೆಗೆ ನನಗೆ ಸುಗ್ಗಿ. ಕಲರ್ ಕ್ಯಾಮೆರಾಕ್ಕೆ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಹಾಕುತ್ತೇನೆ. 656.3 ನ್ಯಾನೋಮೀಟರ್‌ನ ಹೈಡ್ರೋಜನ್ ಆಲ್ಫಾ, 500.7ರ ಆಕ್ಸಿಜನ್, ಇವೆರಡರ ಆಸುಪಾಸಿನ ಬೆಳಕನ್ನಷ್ಟೇ ಅದು ಒಳಗೆ ಬಿಡುತ್ತದೆ.

ಮೊದಲ ವರ್ಷ ರೋಸೆಟ್ ನೆಬ್ಯುಲಾದ, ಅಂದರೆ ಹೊಳೆಯುವ ಅನಿಲದ ಮೋಡದ, ಫೋಟೋವನ್ನು ಮಾಮೂಲಿ ಕಲರ್ ಫೋಟೋದಂತೆ ಒಟ್ಟಿಗೆ ಸ್ಟ್ರೆಚ್ ಮಾಡಿದೆ, ಅಂದರೆ ಮಂಕು ಭಾಗ ಕಾಣುವಂತೆ ಎಳೆದು ಬೆಳಗಿಸಿದೆ. ಬಂದಿದ್ದು ಕೆಂಪು ಮುದ್ದೆ. ಹೈಡ್ರೋಜನ್ ಜೋರು, ಆಕ್ಸಿಜನ್ ಮಂಕು. ಒಟ್ಟಿಗೆ ಎಳೆದರೆ ಆಕ್ಸಿಜನ್ ಮುಳುಗಿಹೋಗುತ್ತದೆ, ಅಲ್ವಾ?

ಸಿರಿಲ್ ನನಗೆ ಇಷ್ಟವಾಗಿದ್ದೇ ಇಲ್ಲಿ. ಅದರ ಒಂದು ಸ್ಕ್ರಿಪ್ಟ್ ಕೆಂಪು ಪಿಕ್ಸೆಲ್‌ಗಳಿಂದ ಹೈಡ್ರೋಜನ್, ಹಸಿರು-ನೀಲಿ ಪಿಕ್ಸೆಲ್‌ಗಳಿಂದ ಆಕ್ಸಿಜನ್ ತೆಗೆದು ಬೇರೆ ಬೇರೆ ಸ್ಟ್ಯಾಕ್ ಮಾಡಿಕೊಡುತ್ತದೆ, ಅಂದರೆ ಹಲವು ಫೋಟೋಗಳನ್ನು ಸೇರಿಸಿ ಒಂದು ಮಾಡುತ್ತದೆ. ಆಮೇಲೆ ಎರಡರಲ್ಲೂ ಹಿನ್ನೆಲೆಯ ಬೆಳಕು ಕಳೆಯುತ್ತೇನೆ, ಸ್ಟಾರ್‌ನೆಟ್ ಎಂಬ ಸಾಫ್ಟ್‌ವೇರ್‌ನಿಂದ ನಕ್ಷತ್ರಗಳನ್ನು ಬೇರೆ ಮಾಡುತ್ತೇನೆ. ಒಂದೊಂದನ್ನೂ ಅದಕ್ಕೆ ಬೇಕಾದಷ್ಟೇ ಸ್ಟ್ರೆಚ್. ಕೊನೆಗೆ ಪಿಕ್ಸೆಲ್ ಮ್ಯಾತ್, ಅಂದರೆ ಚಿತ್ರಗಳನ್ನು ಲೆಕ್ಕ ಹಾಕಿ ಬೆರೆಸುವುದು: ಕೆಂಪಿಗೆ ಹೈಡ್ರೋಜನ್, ನೀಲಿಗೆ ಆಕ್ಸಿಜನ್, ಹಸಿರಿಗೆ 70 ಭಾಗ ಆಕ್ಸಿಜನ್, 30 ಭಾಗ ಹೈಡ್ರೋಜನ್. ನಕ್ಷತ್ರಗಳನ್ನು ಆಮೇಲೆ ವಾಪಸ್ ಸೇರಿಸುತ್ತೇನೆ.

ಆಕ್ಸಿಜನ್ ಜಾಸ್ತಿ ಎಳೆದಷ್ಟೂ ನಾಯ್ಸ್, ಅಂದರೆ ಮರಳಿನಂತಹ ಚುಕ್ಕೆಗಳು, ಕಾಣುತ್ತದೆ. ಅದಕ್ಕೆ ಮದ್ದು ಹೆಚ್ಚು ಗಂಟೆ ಶೂಟ್ ಮಾಡುವುದೇ. ಮೊದಲು 3 ಗಂಟೆಗೆ ಮುಗಿಸುತ್ತಿದ್ದೆ, ಈಗ ನಾಲ್ಕೈದು ರಾತ್ರಿ ಸೇರಿಸಿ 12 ಗಂಟೆ. ಫಿಲ್ಟರ್ ಕೊಳ್ಳುವಾಗಲೂ ಆತುರ ಬೇಡ. ನನ್ನ ಹಳೆಯ ಫಿಲ್ಟರ್ ದೊಡ್ಡ ನಕ್ಷತ್ರಗಳ ಸುತ್ತ ಬಳೆಯಂತಹ ವರ್ತುಲ ತರುತ್ತಿತ್ತು. ಯಾವ ಸಾಫ್ಟ್‌ವೇರ್‌ನಿಂದಲೂ ಅದನ್ನು ಪೂರ್ತಿ ಅಳಿಸಲು ನನಗೆ ಆಗಲಿಲ್ಲ.

ಧಾರವಾಡದಿಂದ ಬಂದಿದ್ದ ಅವ್ವ ರೋಸೆಟ್ ಚಿತ್ರ ನೋಡಿ, "ನಡುವಿನ ನೀಲಿ ನೀನ ಹಚ್ಚೀಯೇನು?" ಎಂದು ಕೇಳಿದಳು. ಬಣ್ಣದ ಛಾಯೆ ನನ್ನದು, ಜಾಗ ನಿಸರ್ಗದ್ದು ಎಂದೆ. ಹೈಡ್ರೋಜನ್‌ನ ಎಲೆಕ್ಟ್ರಾನ್ ಕೀಳಲು 13.6 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಅಳತೆ) ಸಾಕು. ಈ ಬೆಳಕು ಕೊಡುವ ಆಕ್ಸಿಜನ್ ಎರಡು ಎಲೆಕ್ಟ್ರಾನ್ ಕಳೆದುಕೊಂಡಿರಬೇಕು, ಎರಡನೆಯದನ್ನು ಕೀಳಲು ಸುಮಾರು 35 ಬೇಕು. ಅಷ್ಟು ಶಕ್ತಿಯ ಬೆಳಕು ನಡುವಿನ ಬಿಸಿ ನಕ್ಷತ್ರಗಳ ಹತ್ತಿರವೇ ಜಾಸ್ತಿ. ಅದಕ್ಕೇ ಆಕ್ಸಿಜನ್ ಒಳಗೆ ಹೊಳೆಯುತ್ತದೆ.

ಮೊದಲ ವರ್ಷದ ಫೈಲ್‌ಗಳನ್ನು ಅಳಿಸಿರಲಿಲ್ಲ. ಹೋದ ವಾರ ಅವನ್ನೇ ಹೀಗೆ ಮತ್ತೆ ಮಾಡಿ ನೋಡಿದೆ. ಆ ಕೆಂಪು ಮುದ್ದೆಯ ಒಳಗೆ, ಮಂಕಾಗಿ, ನೀಲಿ ಆಗಲೇ ಇತ್ತು.