ಬ್ರೇಕ್ ಕೆಲಸಕ್ಕೆ ಗಾಡಿ ಬಿಟ್ಟು ಟೀ ಕುಡಿಯಲು ಹೋಗಬೇಡಿ

ಹೇಳಿಕೊಳ್ಳಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. 4,850 ರೂಪಾಯಿ ಕೊಟ್ಟು ನನ್ನ ಹಳೇ ಬ್ರೇಕ್ ಶೂಗಳನ್ನೇ (ಒತ್ತಿ ಹಿಡಿದು ಚಕ್ರ ನಿಲ್ಲಿಸುವ ಪಟ್ಟಿಗಳು) ವಾಪಸ್ ಹಾಕಿಸಿಕೊಂಡು ಬಂದಿದ್ದೇನೆ.

ನನ್ನದು ಹಳೇ ಆಲ್ಟೊ. ಪೆಡಲ್ ತೀರಾ ಕೆಳಗೆ ಹೋಗುತ್ತಿತ್ತು, ಬ್ರೇಕ್ ಆಯಿಲ್ ಇಳಿಯುತ್ತಿತ್ತು. ಹಾಸನದ ಒಂದು ಗ್ಯಾರೇಜಿನಲ್ಲಿ ಬಿಟ್ಟೆ. ಹಿಂದಿನ ಚಕ್ರಗಳಲ್ಲಿ ಶೂ ತಳ್ಳುವ ಎರಡೂ ವೀಲ್ ಸಿಲಿಂಡರ್ ಹೋಗಿವೆ, ನಾಲ್ಕೂ ಶೂ ಹೊಸದು ಹಾಕಬೇಕು, ಡ್ರಮ್ (ಚಕ್ರದ ಜೊತೆ ತಿರುಗುವ ಬಟ್ಟಲು, ಶೂ ಒತ್ತುವುದು ಇದರ ಒಳಮೈಗೆ) ಲೇತ್‌ಗೆ ಕೊಟ್ಟು ನುಣುಪು ಮಾಡಿಸಬೇಕು ಅಂದರು. ಸರಿ ಅಂದು ಟೀ ಕುಡಿಯಲು ಹೋದೆ. ಅದೇ ತಪ್ಪು.

ಸಂಜೆ ಅಲ್ಲಿನ ಮೆಕ್ಯಾನಿಕ್ ಪೇಪರಿನಲ್ಲಿ ಸುತ್ತಿದ ಸವೆದ ಶೂ ಕೈಗಿಟ್ಟು, "ನೋಡಿ ಸಾರ್, ಇದ್ರಲ್ಲಿ ಹೆಂಗೆ ಓಡಿಸ್ತಿದ್ರಿ? ಪುಣ್ಯವಂತರು ನೀವು" ಅಂದ. ನಾನು ಥ್ಯಾಂಕ್ಸ್ ಬೇರೆ ಹೇಳಿದೆ! ಪೆಡಲ್ ಮೇಲೇ ಹಿಡಿಯುತ್ತಿತ್ತು, ಅಷ್ಟಕ್ಕೇ ಖುಷಿ. ಬಿಲ್ ಅಂತ ಕೊಟ್ಟಿದ್ದು ಒಂದು ಬಿಳಿ ಚೀಟಿ.

ಆ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟೆ. ಚಾರ್ಮಾಡಿ ಘಾಟಿ ಅರ್ಧ ಇಳಿದಿರಲಿಲ್ಲ, ಸುಟ್ಟ ವಾಸನೆ. ಪೆಡಲ್ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿದೆ! ಮೊದಲ ಗೇರಿನಲ್ಲಿ ಹೇಗೋ ಇಳಿಸಿದೆ. ಅಮ್ಮ ಒಂದೂ ಮಾತಾಡಲಿಲ್ಲ.

ಉಜಿರೆಯ ಮೆಕ್ಯಾನಿಕ್ ಡ್ರಮ್ ಬಿಚ್ಚಿ ನಕ್ಕರು. ಹಳೇ ಶೂಗಳನ್ನೇ ಎಮರಿ ಪೇಪರಿನಲ್ಲಿ ಉಜ್ಜಿ ಹಾಕಿದ್ದಾರೆ. ಸಿಲಿಂಡರ್ ಹಳೆಯದೇ, ರಬ್ಬರ್ ಎತ್ತಿದರೆ ಆಯಿಲ್ ಸುರಿಯಿತು. ಡ್ರಮ್ಮಿನ ಗೀರು, ಅಂಚು ಹಾಗೇ ಇದ್ದವು, ಲೇತ್ ಮುಖವನ್ನೇ ನೋಡಿಲ್ಲ. ಮತ್ತೆ ಪೆಡಲ್ ಹೇಗೆ ಮೇಲೆ ಬಂತು? ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡಿದ್ದಾರೆ ಅಷ್ಟೆ. ಶೂ ಡ್ರಮ್ಮಿಗೆ ತಾಗಿಕೊಂಡೇ ಇದ್ದಿದ್ದರಿಂದ ಪೆಡಲ್ ಮೇಲೇ ಹಿಡಿದಿದೆ, ಸದಾ ಉಜ್ಜಿಕೊಂಡೇ ಬಂದು ಕಾದು ಸುಟ್ಟ ವಾಸನೆ ಬಂದಿದೆ.

"ಅಲ್ಲ, ಸವೆದ ಶೂ ಕೊಟ್ಟಿದ್ದಾರಲ್ಲ" ಅಂದು ಡಿಕ್ಕಿಯಿಂದ ಪೊಟ್ಟಣ ತಂದೆ. ಅವರು ಅದನ್ನು ಡ್ರಮ್ಮಿನೊಳಗೆ ಇಟ್ಟು ನೋಡಿದರು. ಕೂರಲೇ ಇಲ್ಲ. "ಇದು ನಿಮ್ಮ ಗಾಡಿದೇ ಅಲ್ಲ ಮಾರಾಯ್ರೆ."

ಹಾಸನದ ಗ್ಯಾರೇಜಿಗೆ ಫೋನ್ ಮಾಡಿದೆ. ಮೊದಲು "ಹುಡುಗ ಹೊಸಬ ಸಾರ್, ಪೊಟ್ಟಣ ಅದಲುಬದಲಾಗಿದೆ". ಪೊಟ್ಟಣ ಸರಿ, ಸಿಲಿಂಡರ್? "ಘಾಟಿಲಿ ಬ್ರೇಕ್ ಮೇಲೇ ನಿಂತ್ರೆ ಯಾವ ಗಾಡಿ ತಡೆಯತ್ತೆ?" ಕೊನೆಗೆ, "ಬೇರೆಯವರು ಬಿಚ್ಚಿದ್ಮೇಲೆ ನಮ್ ಜವಾಬ್ದಾರಿ ಇಲ್ಲ." ಬಿಚ್ಚದೆ ಘಾಟಿಯಲ್ಲೇ ಇರಬೇಕಿತ್ತಾ ನಾನು?

ಡಿಸ್ಕ್ ಬ್ರೇಕ್ ಆದರೆ ಬಗ್ಗಿ ನೋಡಿದರೂ ಕಾಣುತ್ತದೆ. ಡ್ರಮ್ ಮುಚ್ಚಿದರೆ ಮುಗಿಯಿತು. ಬಿಚ್ಚುವಾಗಲೂ ಮುಚ್ಚುವಾಗಲೂ ಎದುರಿಗೇ ನಿಲ್ಲಿ. ಹೊಸ ಪಾರ್ಟಿನ ಡಬ್ಬ ಕೇಳಿ, ಹಳೆಯದನ್ನು ನಿಮ್ಮ ಡ್ರಮ್ಮಿಗೇ ಇಟ್ಟು ನೋಡಿ. ಬಿಳಿ ಚೀಟಿ ಬೇಡ, ಜಿಎಸ್‌ಟಿ ಬಿಲ್ಲೇ ಬೇಕು ಅನ್ನಿ. ನನ್ನ ಚೀಟಿಯಲ್ಲಿ ಗ್ಯಾರೇಜಿನ ಹೆಸರೂ ಇಲ್ಲ.

ಆ ಶೂ ಯಾರ ಗಾಡಿಯದ್ದೋ, ಇನ್ನೂ ನನ್ನ ಡಿಕ್ಕಿಯಲ್ಲೇ ಬಿದ್ದಿದೆ.