ಸಾಫ್ಟ್ ಟೈರಾ, ಹಾರ್ಡ್ ಟೈರಾ?

ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ಮೊದಲ ಸಲ ಕಾರ್ ರ‍್ಯಾಲಿ ಓಡಿಸುವವರಿಗೆ ಈ ಗೊಂದಲ ಇದ್ದದ್ದೇ.

ಸಾಫ್ಟ್ ರಬ್ಬರ್ ಬೇಗ ಬಿಸಿಯಾಗಿ ನೆಲ ಕಚ್ಚುತ್ತದೆ. ಶುರುವಿನಲ್ಲಿ ಸ್ಟೀರಿಂಗ್ ಹೇಳಿದ ಹಾಗೆ ಕೇಳುತ್ತದೆ, ಖುಷಿಯಾಗುತ್ತದೆ. ಆದರೆ ಚೂಪು ಜಲ್ಲಿ ಸಿಕ್ಕರೆ ಟ್ರೆಡ್ಡಿನ, ಅಂದರೆ ನೆಲಕ್ಕೆ ತಾಗುವ ಗೀರು-ಗುಬ್ಬಿಗಳ, ಅಂಚು ಬೇಗ ಹರಿಯುತ್ತದೆ. ಅಂಚು ಹೋದ ಮೇಲೆ ಟೈರ್ ಮಣ್ಣಿನೊಳಗೆ ಇಳಿಯುವುದಿಲ್ಲ, ಮೇಲೆಯೇ ತೇಲುತ್ತದೆ. ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಎಳೆಯುವುದು, ತಿರುಗಿಸುವುದು, ಹೆಚ್ಚಿನ ಬ್ರೇಕು ಎಲ್ಲಾ ಮುಂದಿನ ಚಕ್ರಗಳ ಮೇಲೇ, ಅಲ್ವಾ? ಅವೇ ಮೊದಲು ಸವೆಯುತ್ತವೆ. ಆಮೇಲೆ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಕಾರು ನೆಟ್ಟಗೆ ಹೋಗುತ್ತದೆ. ಹಿಂದಿನ ಚಕ್ರ ತಳ್ಳುವ ಕಾರಾದರೆ ಉಲ್ಟಾ: ಹಿಂದಿನವು ಸವೆದು ಬಾಲ ಬೀಸುತ್ತದೆ.

ಹಾರ್ಡ್ ಟೈರ್ ತಣ್ಣನೆಯ ಬೆಳಿಗ್ಗೆ ಸ್ವಲ್ಪ ಜಾರುತ್ತದೆ. ಬಿಸಿಯಾದ ಮೇಲೆ ಸಂಜೆವರೆಗೂ ಹೆಚ್ಚುಕಮ್ಮಿ ಒಂದೇ ಥರ ನಡೆಯುತ್ತದೆ. ಹೊಸಬರಿಗೆ ನಾನು ಹೇಳುವುದು ಇದನ್ನೇ. ಮಳೆ ಬಂದರೆ ಮಾತ್ರ ಸಾಫ್ಟೇ ಸರಿ.

ಸೆಕೆಂಡ್ ಹ್ಯಾಂಡ್ ಟೈರ್ ಕೊಳ್ಳುವಾಗ ಟ್ರೆಡ್ ಉಳಿದಿದೆ ಅಂತ ಸುಮ್ನೆ ನಂಬಬೇಡಿ. ಹಲವು ಸಲ ಕಾದು ಆರಿದ ರಬ್ಬರ್ ಗಟ್ಟಿಯಾಗಿರುತ್ತದೆ. ಉಗುರಿನಿಂದ ಒತ್ತಿ ನೋಡಿ.